ಕೋಲಾಟದ ಮೇಷ್ಟ್ರ ಮೀಸೆ

ನಂಬಲ್ಲ ಅಂತೀರಾ? ನಂಬಬೇಡಿ. ಬೇಕಾದರೆ ಕ್ಯಾತನಹಳ್ಳಿಗೆ ಬಂದು, ಹಾಲಿನ ಡೈರಿ ಮುಂದೆ ನಿಂತು, ಕೋಲಾಟದ ಮೇಷ್ಟ್ರ ಮನೆ, ಅಂದರೆ ನನ್ನ ಮನೆ, ಯಾವುದು ಅಂತ ಕೇಳಿ ನೋಡಿ. ದಾರಿ ಹೇಳುವ ಮುಂಚೆ ನಗುತ್ತಾರೆ. ಹಾಗೆ ನಕ್ಕರೆ ಸರಿಯಾದ ಊರಿಗೇ ಬಂದಿದ್ದೀರಿ ಅಂತ ತಿಳಿಯಿರಿ. ಜನ ನಗುವಂಥ ಫಜೀತಿ ನನಗೆ ವಾರಕ್ಕೊಂದಾದರೂ ಆಗದಿದ್ದರೆ ಆ ವಾರ ಪೂರ್ತಿಯಾದಂಗಲ್ಲ.

ಹದಿಹರೆಯದ ಮಕ್ಕಳು ಮೊಬೈಲು ಹಿಡಿದು ಮೂಲೆ ಸೇರುತ್ತಾರೆ, ಒಬ್ಬರ ಜೊತೆ ಒಬ್ಬರು ಬೆರೆಯಲ್ಲ, ಕುಣಿಸಿ ಅವರ ಮನಸ್ಸು ಹಗುರ ಮಾಡಬೇಕು ಅಂತ ಒಂದು ಸಂಸ್ಥೆಯವರು ಕೋಲಾಟ ಕಲಿಸೋಕೆ ನನ್ನನ್ನು ಹಿಡಿದರು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ, ನಾಲ್ಕಕ್ಕೂ ನಾನೊಬ್ಬನೇ. ಈ ಸುತ್ತಿನಲ್ಲಿ ನನ್ನಂಗೆ ಕೋಲು ಹಿಡಿಯೋನು ಇನ್ನೊಬ್ಬ ಹುಟ್ಟಿಲ್ಲ. ಇದು ಹೊಗಳಿಕೆಯಲ್ಲ, ಮಾಹಿತಿ.

ಪಣ

ನಮ್ಮೂರ ಡೈರಿ ಎದುರಿಗೇ ಒಂದು ಮನೆ. ಅಲ್ಲಿಯ ಹುಡುಗಿ ಹತ್ತನೇ ಕ್ಲಾಸಲ್ಲಿ ಫೇಲಾದ ಮೇಲೆ ಬಾಗಿಲು ಹಾಕಿಕೊಂಡವಳು ಹೊಸಲು ದಾಟಿರಲಿಲ್ಲ. ಗೆಳತಿಯರು ಬಂದರೂ ಒಳಗಿಂದಲೇ "ತಲೆನೋವು" ಅನ್ನುತ್ತಿದ್ದಳು. ಅವಳ ಅಜ್ಜಿ ನನ್ನನ್ನು ಟೀ ಅಂಗಡಿಯಲ್ಲಿ ಹಿಡಿದಳು.

"ಲೇ ಮಗ, ಊರ ಮಕ್ಳನ್ನೆಲ್ಲ ಕುಣುಸ್ತೀಯಂತೆ. ನಮ್ ಮಗೀನ ಒಂದ್ಸಲ ಆಚೆಗೆ ಕರಿ ನೋಡಾನ. ಗೋಡೆ ನೋಡ್ಕಂಡೇ ಕೂತದೆ ಕಣ್ಲಾ."

ನಾನು ಸುಮ್ಮನೆ ಆಗಲಿ ಅಂದಿದ್ದರೆ ಸಾಕಿತ್ತು. ಅಂಗಡಿ ತುಂಬ ಜನ ಇದ್ದರು. ಸುಮ್ಮನೆ ಅನ್ನೋದು ನನ್ನ ಜಾಯಮಾನವಲ್ಲ.

"ಶ್ರೀರಂಗಪಟ್ಟಣದಲ್ಲಿ ನಾಲ್ಕೂ ತಾಲ್ಲೂಕಿನ ತಂಡ ಸೇರ್ತವೆ. ಅವತ್ತು ನಿನ್ನ ಮೊಮ್ಮಗಳನ್ನ ಆ ಬಯಲಲ್ಲಿ ನಿಲ್ಲಿಸ್ತೀನಿ. ಇಲ್ಲಾಂದ್ರೆ ಅಲ್ಲೇ ಮೀಸೆ ಬೋಳಿಸ್ಕೋತೀನಿ!"

ನನ್ನ ಮೀಸೆ ಸಾಮಾನ್ಯ ಮೀಸೆಯಲ್ಲ. ಎಣ್ಣೆ ಹಚ್ಚಿ, ತಿರುವಿ ಸಾಕಿದ್ದು. ಅಂಗಡಿ ಮೂಲೆಯಲ್ಲಿ ಕೂತಿದ್ದ ಕ್ಷೌರದವನು ಟೀ ಲೋಟ ಕೆಳಗಿಟ್ಟು ಅದನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅಳೆದು ನೋಡಿದ.

ಸಿಹಿ ಕೋಲು

ಪಾಠ ಡೈರಿ ಮುಂದಿನ ಬಯಲಲ್ಲೇ ಶುರುವಾಯಿತು. ಮೊದಲ ದಿನವೇ ಸಂಸ್ಥೆಯ ಮೇಡಮ್ಮು ಬಂದರು. ಬಡಗಿ ಮಾತ್ರ ಕೋಲು ಕೊಟ್ಟಿರಲಿಲ್ಲ. ನಾನು ಹೆದರುವವನೇ? ಪಕ್ಕದ ಗದ್ದೆಗೆ ನುಗ್ಗಿ ಕಬ್ಬು ಮುರಿದು, ಗೇಣುಗೇಣು ಕತ್ತರಿಸಿ ಮಕ್ಕಳ ಕೈಗೆ ಕೊಟ್ಟೆ.

ಮೊದಲ ಹಾಡಿಗೆ ಕೋಲು ಕೋಲಿನ ಅಳತೆಯಲ್ಲಿದ್ದವು. ಎರಡನೇ ಹಾಡಿಗೆ ಗಿಡ್ಡವಾದವು. ಮೂರನೇದಕ್ಕೆ ಬರೀ ಕೈ ಆಡಿಸುತ್ತಿದ್ದಾರೆ.

"ಕೋಲೆಲ್ಲಿ ಹೋದ್ವ್ರೋ?"

ಎಲ್ಲರ ಬಾಯಿ ತುಂಬ ಕಬ್ಬು. ಒಬ್ಬಳು ಮಾತ್ರ ತನ್ನ ಒಂದು ಕೋಲನ್ನು ಎದುರು ಮನೆಯ ಕಿಟಕಿಗೆ ಚಾಚಿದಳು. ಒಳಗಿಂದ ಒಂದು ಕೈ ಬಂದು ಅದನ್ನು ಎಳೆದುಕೊಂಡಿತು.

ಮೇಡಮ್ಮಿಗೆ ಬಲು ಸಂತೋಷ. "ಮಕ್ಕಳು ಎಷ್ಟು ಖುಷಿಯಾಗಿದ್ದಾರೆ! ಇದು ಯಾವ ವಿಧಾನ?"

"ನಂದೇ," ಅಂದೆ. ಹಿಂದೆ ಗದ್ದೆ ಯಜಮಾನ ಮಚ್ಚು ಹಿಡಿದು ಬರುತ್ತಿದ್ದ. ಅವತ್ತಿನ ಪಾಠ ಅಲ್ಲಿಗೇ ಮುಗಿಸಿದೆ.

ಬೆರಳು

ಕೋಲಾಟದಲ್ಲಿ ಒಂದು ಕಟ್ಟು ಉಂಟು. ಸುತ್ತು ತಿರುಗಿದಂತೆ ಜೋಡಿ ಬದಲಾಗುತ್ತದೆ. ನಿನ್ನ ಜೊತೆ ಹೊಡೀತೀನಿ, ಅವನ ಜೊತೆ ಹೊಡಿಯಲ್ಲ ಅನ್ನೋ ಹಾಗಿಲ್ಲ; ಎದುರಿಗೆ ಬಂದವರಿಗೆಲ್ಲ ಕೋಲು ಕೊಡಲೇಬೇಕು.

ಕೆ.ಆರ್. ಪೇಟೆ ಕಡೆಯ ಒಂದೂರಲ್ಲಿ ಇಬ್ಬರು ಹುಡುಗರು ಕ್ರಿಕೆಟ್ಟಿನ ಒಂದು ರನ್ನೌಟಿಗೆ ಮಾತು ಬಿಟ್ಟಿದ್ದರು. ಕೋಲಾಟದಲ್ಲಿ ಎದುರುಬದುರಾದಾಗ ಇಬ್ಬರೂ ಆಕಾಶ ನೋಡಿಕೊಂಡು ಹೊಡೆದರು. ಆಕಾಶ ನೋಡಿ ಹೊಡೆದರೆ ಏಟು ಬೀಳೋದು ಬೆರಳಿಗೇ.

"ಕಣ್ಣಿಲ್ವೇನ್ಲಾ ನಿಂಗೆ?"

"ನೀನ್ಯಾಕ್ಲಾ ಬೆರಳು ಅಡ್ಡ ಇಡ್ತೀಯ?"

ಊರ ಮಕ್ಕಳೆಲ್ಲ "ಓ, ಮಾತಾಡ್ಬುಟ್ರು!" ಅಂತ ಕೂಗಿದರು. ನನ್ನ ಕಲೆಯ ಶಕ್ತಿ ಅಂತ ಮೀಸೆ ತಿರುವಿಕೊಂಡೆ. ಮುಂದಿನ ವಾರ ಇಬ್ಬರೂ ಒಂದೇ ಸೈಕಲ್ಲಿನಲ್ಲಿ, ಊದಿದ ಬೆರಳು ಮುಂದೆ ಹಿಡಿದುಕೊಂಡು ಬಂದರು.

"ಸಾ, ತಪ್ಪು ನಿಮ್ದೇ ಅಂತ ಇಬ್ರೂ ಕೂತ್ಕಂಡು ತೀರ್ಮಾನ ಮಾಡಿದೀವಿ."

ಮನಸ್ಸಿನ ವಿಚಾರ

ನಾಗಮಂಗಲದಲ್ಲಿ ಆಟ ಮುಗಿದ ಮೇಲೆ ಮೇಡಮ್ಮು ಮಕ್ಕಳನ್ನು ಸುತ್ತ ಕೂರಿಸಿದರು. ಮನಸ್ಸಿಗೆ ಏನನ್ನಿಸುತ್ತಿದೆ, ಬಿಚ್ಚಿ ಹೇಳಬೇಕಂತೆ. ಎಲ್ಲರೂ "ಚೆನ್ನಾಗದೆ ಮೇಡಂ" ಅಂದರು. ಒಬ್ಬ ದಪ್ಪ ಹುಡುಗ ತಲೆ ತಗ್ಗಿಸಿ ಕೂತಿದ್ದ.

"ಹೇಳು ಪುಟ್ಟ, ಏನನ್ನಿಸ್ತಿದೆ?"

"ಒಟ್ಟೆ ಅಸೀತದೆ ಮೇಡಂ."

"ಹೊಟ್ಟೆ ಬಿಡು. ಮನಸ್ಸು ಹೇಗಿದೆ?"

ಹುಡುಗ ಪ್ರಾಮಾಣಿಕವಾಗಿ ಯೋಚಿಸಿದ. "ಅದ್ಕೂ ಅಂಗೇ ಆಯ್ತಾದೆ ಮೇಡಂ."

ಮುಂದಿನ ವಾರದಿಂದ ಮೊದಲು ಉಪ್ಪಿಟ್ಟು, ಆಮೇಲೆ ಮನಸ್ಸು ಅಂತ ನಿಯಮವಾಯಿತು. ಆ ಹುಡುಗ ಇವತ್ತು ಎಲ್ಲರಿಗಿಂತ ಹೆಚ್ಚು ಮಾತಾಡುತ್ತಾನೆ. ಎಲ್ಲರಿಗಿಂತ ಹೆಚ್ಚು ತಿನ್ನುತ್ತಾನೆ ಕೂಡ.

ಬಯಲು

ಇಷ್ಟೆಲ್ಲ ಆದರೂ ನಮ್ಮೂರ ಹುಡುಗಿಯ ಬಾಗಿಲು ತೆರೆದಿರಲಿಲ್ಲ. ಹೊರಗೆ ನಿಂತು ಭಾಷಣ ಮಾಡಿದೆ, ಹಾಡಿದೆ, ಒಂದು ಸಲ ಒಬ್ಬನೇ ಕುಣಿದೂ ತೋರಿಸಿದೆ. ಒಳಗಿಂದ "ತಲೆನೋವು" ಅಂತ ದನಿ ಬಂತು. ಈ ಸಲ ನಿಜವಾದ ತಲೆನೋವೇ ಇರಬೇಕು. ಅಜ್ಜಿ ನನ್ನ ಮುಖ ನೋಡೋದು ಬಿಟ್ಟಳು. ಕ್ಷೌರದವನು ನೋಡೋದು ಹೆಚ್ಚಾಯಿತು.

ಶ್ರೀರಂಗಪಟ್ಟಣಕ್ಕೆ ಹೊರಡುವ ದಿನ ಬಂತು. ನಮ್ಮೂರ ತಂಡದಲ್ಲಿ ಮಕ್ಕಳು ಬೆಸ, ಜೋಡಿಗೆ ಒಬ್ಬರು ಕಡಿಮೆ. ಅದನ್ನು ತುಂಬಲು ನಾನೇ ನಿಲ್ಲುವುದೆಂದು ಆಗಿತ್ತು. ರೇಷ್ಮೆ ಪಂಚೆ, ಜರಿ ಪೇಟ, ಇನ್ನೂ ಉಳಿದಿದ್ದ ಮೀಸೆ. ನಾಲ್ಕು ತಾಲ್ಲೂಕು ನನ್ನನ್ನು ನೋಡಲಿ ಅಂತ ಸಿಂಗಾರವಾಗಿ ಹೋದೆ.

ಟೆಂಪೋ ಹತ್ತಿದರೆ ಮುಂದಿನ ಸೀಟಲ್ಲಿ ಅಜ್ಜಿಯ ಪಕ್ಕ ಆ ಹುಡುಗಿ! ಕೈಯಲ್ಲಿ ಹೊಸ ರೇಜರು.

"ಏನವ್ವಾ, ಬಂದ್ಬುಟ್ಟೆ?"

"ನಿನ್ ಮೀಸೆ ತೆಗೆಯೋದ ನೋಡಾಕೆ ಕಣಣ್ಣ. ಇಂಥದ್ದ ಮನೇಲಿ ಕೂತ್ಕಂಡು ತಪ್ಪಿಸ್ಕಳಾಕಾಯ್ತದಾ?"

ಆಮೇಲೆ ಗೊತ್ತಾಯಿತು. ನನ್ನ ಮೀಸೆ ಹೋಗಲೇಬೇಕೆಂದು ನನ್ನ ಶಿಷ್ಯರೇ ದಿನಾ ಸಂಜೆ ಅವಳ ಮನೆಗೆ ಹೋಗಿ "ಆಚೆಗೆ ಬರಬ್ಯಾಡ ಕಣಮ್ಮಿ, ಕೈ ಮುಗೀತೀವಿ" ಅಂತ ಬೇಡಿಕೊಳ್ಳುತ್ತಿದ್ದರಂತೆ. ಮೊದಲು ಕಿಟಕಿಯಲ್ಲಿ, ಆಮೇಲೆ ನಡುಮನೆಯಲ್ಲಿ. ಬೇಡಿಕೊಳ್ಳಲು ಹೋದವರು ಕಡಲೆಕಾಯಿ ತಿಂದು, ಹರಟೆ ಹೊಡೆದು, ಬೇಸರ ಕಳೆಯಲು ಅವಳ ಕೈಗೂ ಕೋಲು ಕೊಟ್ಟು ಆಡಿದ್ದಾರೆ. ಫೇಲಾದ ಸುದ್ದಿ ಯಾರೂ ಎತ್ತಲಿಲ್ಲ. ಅವರಿಗಿದ್ದ ಚಿಂತೆ ನನ್ನ ಮೀಸೆಯದೊಂದೇ.

ಅವಳು ಬಂದ ಮೇಲೆ ಮೀಸೆ ಉಳಿಯಿತಲ್ಲ ಅನ್ನೋದು ಅವರಿಗೆ ಹೊಳೆದದ್ದು ಬಯಲಲ್ಲಿ ಇಳಿದ ಮೇಲೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿ ರೇಜರನ್ನು ಅಜ್ಜಿಯ ಕೈಗೆ ಕೊಟ್ಟು ಕೋಲು ತಗೊಂಡಳು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಮೀಸೆ ತಿರುವಿ, ಪೇಟ ಸರಿಮಾಡಿಕೊಂಡು ವೃತ್ತದೊಳಗೆ ಕಾಲಿಟ್ಟೆ.

"ಸಾ," ಅಂದಳು ಕಿಟಕಿಗೆ ಕಬ್ಬು ಕೊಟ್ಟಿದ್ದ ಹುಡುಗಿ, "ಇವ್ಳು ಬಂದ್ಲಲ್ಲ, ಜೋಡಿ ಸರಿಯಾಗೋಯ್ತು. ನೀವು ಆಚೆಗೋಗಿ."

ನಾಲ್ಕು ತಾಲ್ಲೂಕು ನೋಡುತ್ತಿತ್ತು. ಹೋದೆ.

ಅವರು ಚೆನ್ನಾಗಿ ಕುಣಿದರು. ನನಗೆ ಕೊಟ್ಟಿದ್ದು ಎಲ್ಲರ ಚಪ್ಪಲಿ ಕಾಯುವ ಕೆಲಸ.