ಕೊಡದ ಕರೆಂಟು

ಬಡವರಿಗೆ ಬೆಳಕು ಕೊಡುವ ಮುನ್ನ ಅವರು ಕತ್ತಲೆಯಲ್ಲಿದ್ದಾರೆಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು ಎಂಬುದು ಕಿರು ಜಲವಿದ್ಯುತ್ ನಿಗಮದ ಮೊದಲನೆಯ ನಿಯಮ. ಗುಡ್ಡದ ಕಾಲೊನಿಯವರು ಹಲವು ವರ್ಷಗಳಿಂದ ಈ ನಿಯಮವನ್ನು ರಾಜಾರೋಷವಾಗಿ ಉಲ್ಲಂಘಿಸುತ್ತ ಬಂದಿದ್ದರು.

ಕಾಲೊನಿಯ ಪಕ್ಕದಲ್ಲೇ ಒಂದು ತೊರೆ ಮೇಲಿನಿಂದ ಧುಮುಕುತ್ತಿತ್ತು. ಲೇತ್ ಕೆಲಸದವನೊಬ್ಬ ಗುಜರಿಯಿಂದ ಹಳೆಯ ಪಂಪು ತಂದು, ಆ ನೀರಿನಿಂದ ಅದನ್ನು ಉಲ್ಟಾ ತಿರುಗಿಸಿ, ಕರೆಂಟು ತೆಗೆದು ಮನೆಮನೆಗೂ ವೈರು ಎಳೆದಿದ್ದ. ಮನೆಗೊಂದು ಬಲ್ಬು. ಅವನ ಅತ್ತಿಗೆಯ ಮನೆಯಲ್ಲಿ ಮಾತ್ರ ಬಲ್ಬಿನ ಜೊತೆಗೆ ಹೊಲಿಗೆ ಮಿಷನ್ನಿನ ಮೋಟರೂ ಓಡುತ್ತಿತ್ತು. ಗಂಡ ತೀರಿಕೊಂಡ ಮೇಲೆ ಆಕೆ ಶಾಲೆಯ ಯೂನಿಫಾರಂ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಮಂಡಿನೋವಿನಿಂದ ಪೆಡಲು ತುಳಿಯುವುದು ಆಗುತ್ತಿರಲಿಲ್ಲ. ಎಲ್ಲರೂ ಆಕೆಯನ್ನು ಟೈಲರಕ್ಕ ಎನ್ನುತ್ತಿದ್ದರು.

ಆ ವರ್ಷ ನಿಗಮಕ್ಕೆ ಬೆಳಗಿಸಲು ಒಂದು ಕಾಲೊನಿ ತುರ್ತಾಗಿ ಬೇಕಾಗಿತ್ತು. ನಿಜವಾಗಿ ಕತ್ತಲೆಯಲ್ಲಿದ್ದ ಊರುಗಳಿಗೆ ಕಾರು ಹೋಗುವ ರಸ್ತೆಯಿರಲಿಲ್ಲ. ಗುಡ್ಡದ ಕಾಲೊನಿಯ ತನಕ ಟಾರು ರಸ್ತೆಯಿತ್ತು. ಆದ್ದರಿಂದ ತಜ್ಞರ ಸಮಿತಿಯು ಸುದೀರ್ಘವಾಗಿ ಚರ್ಚಿಸಿ ಅದನ್ನೇ ಆರಿಸಿತು.

ಸ್ಥಳ ಪರಿಶೀಲನೆಗೆ ಬಂದ ಎಂಜಿನಿಯರರು ಗರಗರ ತಿರುಗುತ್ತಿದ್ದ ಪಂಪನ್ನು ಕಂಡು ಕಳವಳಗೊಂಡರು.

"ಯಾರಮ್ಮಾ ಇದನ್ನ ಹಾಕಿದ್ದು?"

"ನಮ್ಮ ಮೈದುನ ಸಾರ್. ಚೆನ್ನಾಗಿ ನಡೀತಿದೆ," ಎಂದಳು ಟೈಲರಕ್ಕ.

"ಅದೇ ತೊಂದರೆ ಆಗಿರೋದು. ನಡೀತಿದ್ರೆ ನಿಮಗೆ ಯೋಜನೆ ಮಂಜೂರಾಗಲ್ಲ."

"ಆಗದಿದ್ರೆ ಬೇಡ ಬಿಡಿ ಸಾರ್."

ಎಂಜಿನಿಯರರ ಮುಖ ಸಪ್ಪಗಾಯಿತು. "ಹಾಗೆಲ್ಲ ಅನ್ನಬಾರದಮ್ಮಾ. ನೀವೇ ಬೇಡ ಅಂದುಬಿಟ್ರೆ ನಮ್ಮಂಥವರು ಎಲ್ಲಿಗೆ ಹೋಗಬೇಕು?"

ಮರುದಿನ ಪಂಪನ್ನು 'ಅನಧಿಕೃತ ಬೆಳಕಿನ ಮೂಲ' ಎಂದು ಘೋಷಿಸಿ ಕಿತ್ತುಕೊಂಡು ಹೋದರು. ಅದಕ್ಕೆ ಬಂಗಾರದ ಬಣ್ಣ ಬಳಿದು ನಿಗಮದ ಹಜಾರದಲ್ಲಿ ಹೂಕುಂಡಗಳ ನಡುವೆ ಇಡಲಾಯಿತು. ಕೆಳಗಿನ ಫಲಕದಲ್ಲಿ 'ಅಭಿವೃದ್ಧಿಪೂರ್ವ ಕಾಲ' ಎಂದು ಬರೆಯಲಾಯಿತು.

ಆಮೇಲೆ ಕತ್ತಲೆಯ ತಪಾಸಣೆ ನಡೆಯಿತು. ಕತ್ತಲೆ ಅಧಿಕಾರಿಗಳು ಕಚೇರಿಯ ವೇಳೆಯಲ್ಲಿ, ಅಂದರೆ ಬೆಳಿಗ್ಗೆ ತಿಂಡಿ ಮುಗಿಸಿಕೊಂಡು ಬಂದರು. ಟೈಲರಕ್ಕನ ಮನೆಯ ಕಿಟಕಿಯಿಂದ ಬಿಸಿಲು ಸೊಗಸಾಗಿ ಒಳಗೆ ಬಿದ್ದಿತ್ತು. "ಬೆಳಕು ಕಂಡುಬಂದಿದೆ" ಎಂದು ವರದಿ ಬರೆದು ಅವರು ಹೊರಟುಹೋದರು, ಕಾಲೊನಿ ಅನರ್ಹವಾಯಿತು. ಪಂಪೂ ಇಲ್ಲ, ಯೋಜನೆಯೂ ಇಲ್ಲ. ಟೈಲರಕ್ಕನ ಮಿಷನ್ನಿನ ಮೇಲೆ ಅರ್ಧ ಹೊಲಿದ ಚಡ್ಡಿಗಳು ಬಿದ್ದಿದ್ದವು. ಟಾರು ರಸ್ತೆಯಿರುವ ಬೇರೆ ಕಾಲೊನಿ ಸಿಗದೆ ನಿಗಮ ಮರುತಪಾಸಣೆಗೆ ಆದೇಶಿಸಿತು. ಎರಡನೆಯ ಸಲ ಅಧಿಕಾರಿಗಳು ಬರುವಷ್ಟರಲ್ಲಿ ಎಲ್ಲ ಮನೆಗಳವರೂ ಕಿಟಕಿ ಬಾಗಿಲುಗಳಿಗೆ ಕಂಬಳಿ ಹೊದಿಸಿದ್ದರು. ಅಧಿಕಾರಿಗಳು ಒಳಗೆ ಕಾಲಿಟ್ಟವರೇ ಹೊಲಿಗೆ ಮಿಷನ್ನಿಗೆ ಎಡವಿ ಬಿದ್ದು, ಹಲ್ಲೊಂದನ್ನು ಅಲುಗಿಸಿಕೊಂಡು, ಸಂಪೂರ್ಣ ತೃಪ್ತಿ ವ್ಯಕ್ತಪಡಿಸಿದರು.

ಹೊಸ ಯಂತ್ರ ಬಂತು. ನಿಗಮದ ನಿರ್ದೇಶಕರ ಷಡ್ಡಕರು ಯಂತ್ರಗಳ ವ್ಯಾಪಾರದಲ್ಲಿದ್ದುದು ಕಾಲೊನಿಯ ಪೂರ್ವಜನ್ಮದ ಪುಣ್ಯವೆಂದೇ ಹೇಳಬೇಕು. ಅದು ದೊಡ್ಡ ನದಿಗೆಂದು ಮಾಡಿದ ಯಂತ್ರ. ಇಳಿಸಲು ಜಾಗ ಸಾಲದೆ ಮೂರು ಮನೆಗಳ ಹಿಂಗೋಡೆ ಒಡೆಯಬೇಕಾಯಿತು. ತೊರೆಯಷ್ಟನ್ನೂ ಅದರ ಬಾಯಿಗೆ ತಿರುಗಿಸಿದರೂ ಅದು ಒದ್ದೆಯಾಯಿತೇ ಹೊರತು ತಿರುಗಲಿಲ್ಲ.

ನಿಗಮ ಎದೆಗುಂದಲಿಲ್ಲ. ಯಂತ್ರದ ಮೇಲೊಂದು ತೊಟ್ಟಿ ಕಟ್ಟಿ, ಕೆಳಗೆ ಹರಿದ ನೀರನ್ನೇ ಮತ್ತೆ ಮೇಲೆತ್ತಲು ಪಂಪು ಕೂಡಿಸಿತು. ಪಂಪಿಗೆ ಕರೆಂಟು ಬೇಕಲ್ಲ? ಲಾರಿಯಷ್ಟು ದೊಡ್ಡ ಡೀಸೆಲ್ ಜನರೇಟರು ಬಂತು. ಅದು ಗುಡ್ಡ ನಡುಗುವಂತೆ ಗುಡುಗಿತು, ಪಂಪು ನೀರೆತ್ತಿತು, ಯಂತ್ರ ತಿರುಗಿತು, ಬಲ್ಬುಗಳು ಮಿಣಮಿಣ ಎಂದವು. ಹೊಲಿಗೆ ಮಿಷನ್ನಿನ ಮೋಟರು ಮಾತ್ರ ಗೊರಕೆ ಹೊಡೆದು ಸುಮ್ಮನಾಯಿತು.

ಹೊಗೆಗೆ ಕೆಮ್ಮುತ್ತ ಟೈಲರಕ್ಕ ಕೇಳಿದಳು: "ಸಾರ್, ಆ ಜನರೇಟರಿಂದಲೇ ನಮ್ಮನೆಗೊಂದು ವೈರು ಎಳೆದುಬಿಟ್ರೆ ಆಗಲ್ವಾ?"

ಎಂಜಿನಿಯರರು ಸಹನೆಯಿಂದ ವಿವರಿಸಿದರು: "ಅದು ಡೀಸೆಲ್ ಕರೆಂಟಮ್ಮಾ. ನಿಮಗೆ ಮಂಜೂರಾಗಿರೋದು ನೀರಿನ ಕರೆಂಟು. ಬೇರೆಯವರದು ನೀವು ತಗೊಂಡ್ರೆ ತಪ್ಪಾಗಲ್ವಾ?"

ಶಾಲೆಯವರು ಒಂದು ತಿಂಗಳು ಕಾದು, ಯೂನಿಫಾರಂ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದರು. ಟೈಲರಕ್ಕ ಮೈದುನನ ಬಳಿ ಹೋಗಿ, "ಇನ್ನೊಂದು ಹಳೇ ಪಂಪು ತಂದು ಹಾಕಿಕೊಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು. ಅವನು ಅತ್ತಿಗೆಯ ಮುಖ ನೋಡಲಿಲ್ಲ. ನಿಗಮ ಅವನಿಗೆ ಯಂತ್ರಪಾಲಕನೆಂಬ ಹುದ್ದೆಯನ್ನೂ ನೀಲಿ ಟೋಪಿಯನ್ನೂ ಆಗಲೇ ಕೊಟ್ಟಿತ್ತು.

"ಅತ್ತಿಗೆ, ಈಗ ನಾನು ಸರ್ಕಾರದ ಮನುಷ್ಯ. ಹಾಗೆಲ್ಲ ಕರೆಂಟು ಮಾಡೋ ಹಾಗಿಲ್ಲ," ಎಂದು ಟೋಪಿ ಸರಿಮಾಡಿಕೊಂಡ.

ಅಷ್ಟರಲ್ಲಿ ಲೆಕ್ಕ ತಪಾಸಣೆಯವರು ಜಲವಿದ್ಯುತ್ತಿಗೆ ಡೀಸೆಲ್ ಏಕೆಂದು ಆಕ್ಷೇಪ ಎತ್ತಿದರು. ಅವರಿಗೆ ಸಮರ್ಪಕ ಉತ್ತರ ಕೊಡುವುದಕ್ಕಿಂತ ಜನರೇಟರನ್ನು ನಿರ್ದೇಶಕರ ಮಗಳ ಮದುವೆಯ ಛತ್ರಕ್ಕೆ ಸಾಗಿಸುವುದು ಸುಲಭವಾಗಿತ್ತು. ಆದರೆ ಯೋಜನೆ ಯಶಸ್ವಿಯಾಗಿದೆಯೆಂದು ಈಗಾಗಲೇ ಪ್ರಕಟವಾಗಿದ್ದರಿಂದ ಯಂತ್ರ ತಿರುಗಲೇಬೇಕಿತ್ತು. ನಿಗಮವು ಹೀಗೆ ಪ್ರಕಟಣೆ ಹೊರಡಿಸಿತು: "ಫಲಾನುಭವಿಗಳು ತಂತಮ್ಮ ಕೊಡಗಳೊಂದಿಗೆ ಹಾಜರಿದ್ದು, ಕೆಳಗಿನಿಂದ ನೀರು ಹೊತ್ತು ತೊಟ್ಟಿಗೆ ಸುರಿಯತಕ್ಕದ್ದು. ತೂತಿರುವ ಕೊಡಗಳನ್ನು ಪರಿಗಣಿಸಲಾಗುವುದಿಲ್ಲ." ಸುರಿದವರಿಗೆ ದಿನಗೂಲಿಯೂ ಉಂಟೆಂದಾಗ ಕಾಲೊನಿಯಲ್ಲಿ ಗೊಣಗಾಟ ನಿಂತಿತು. ಟೈಲರಕ್ಕನೂ ಹೆಸರು ಬರೆಸಿದಳು. ಮಂಡಿಗೆ ಬಟ್ಟೆ ಬಿಗಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತುತ್ತಿದ್ದಳು. ಅರ್ಧ ದಿನ ಹೊತ್ತರೆ ತೊಟ್ಟಿ ತುಂಬುತ್ತಿತ್ತು. ನೀರು ಬಿಡಲು ತೊಟ್ಟಿಯ ಬಾಗಿಲೆತ್ತಿದರೆ ಬಲ್ಬು ಒಂದು ಸೀನು ಸೀನುವಷ್ಟು ಹೊತ್ತು ಉರಿಯುತ್ತಿತ್ತು.

ಈ ಸಾಧನೆಯನ್ನು ಕಣ್ಣಾರೆ ಕಾಣಲು ದೂರದೂರದಿಂದ ಅತಿಥಿಗಳು ಬಂದರು. ಅವರಲ್ಲೊಬ್ಬರು ಕೊಡ ಇಳಿಸುತ್ತಿದ್ದ ಟೈಲರಕ್ಕನನ್ನು ದುಭಾಷಿಯ ಮೂಲಕ ಕೇಳಿದರು: "ಕರೆಂಟು ಬಂದ ಮೇಲೆ ನಿಮ್ಮ ಬದುಕಲ್ಲಿ ಏನು ಬದಲಾಗಿದೆ?"

"ಮೊದಲು ಒಂದು ಕಡೆ ಕೂತು ದುಡೀತಿದ್ದೆ. ಈಗ ಹತ್ತಿ ಇಳಿದು ಸಾಯ್ತಿದ್ದೀನಿ."

"ಮನೆಯ ಮೂಲೆ ಬಿಟ್ಟು ಹೊರಗೆ ಬಂದಿದ್ದಾರಂತೆ. ಏಳಿಗೆಯ ಮೆಟ್ಟಿಲು ಹತ್ತುತ್ತಿದ್ದಾರಂತೆ," ಎಂದರು ದುಭಾಷಿ. ಅತಿಥಿಗಳ ಕಣ್ಣು ತುಂಬಿಬಂತು.

ಯಂತ್ರಪಾಲಕ ತೊಟ್ಟಿಯ ಬಾಗಿಲೆತ್ತಿದ. ಬಲ್ಬು ಹೊತ್ತಿತು. ನಿರ್ದೇಶಕರು ನಗುಮುಖ ಸಿದ್ಧಪಡಿಸಿಕೊಳ್ಳುವಷ್ಟರಲ್ಲಿ ಆರಿತು.

"ಫೋಟೋ ಬರಲಿಲ್ಲ ಸಾರ್," ಎಂದ ಫೋಟೋದವನು.

"ಇನ್ನೊಂದು ತೊಟ್ಟಿ ನೀರು ಹಾಕ್ರಮ್ಮಾ, ಬೇಗ," ಎಂದರು ಎಂಜಿನಿಯರರು. ಹೆಂಗಸರು ಕೊಡ ಎತ್ತಿಕೊಂಡು ಇಳಿದರು. ಅತಿಥಿಗಳು, ಚಪ್ಪಾಳೆಗೆಂದು ಎತ್ತಿದ ಕೈಗಳನ್ನು ಹಾಗೇ ಹಿಡಿದುಕೊಂಡು ಕಾದರು.