ಅಷ್ಟಮಿಯ ವೆಲ್ಡಿಂಗ್

ಬಲ್ಲವರು ಮಾಡಬೇಕಾದ ಕೆಲಸಕ್ಕೆ ನಾನೇ ಕೈಹಾಕುವುದು ನನ್ನ ಹುಟ್ಟುಗುಣ. ಬ್ಯಾಂಕಿನವರು ಉಡುಪಿಯಿಂದ ಕೋಲ್ಕತ್ತಾಗೆ ವರ್ಗ ಮಾಡಿದಾಗ ಪಾತ್ರೆ ಪಡಗದ ಜೊತೆ ಅದೂ ಬಂತು. ಹಾಗಾಗಿ ಇಂಥದ್ದು ಆಗುತ್ತಲೇ ಇರುತ್ತದೆ.

1. ಮಧ್ಯಾಹ್ನದ ನಿದ್ದೆ

ಲೇಕ್ ಗಾರ್ಡನ್ಸ್‌ನ ನಮ್ಮ ಕಟ್ಟಡದಲ್ಲಿ ನನ್ನ ಕಾರು ನಿಲ್ಲುವ ಜಾಗದ ಮೇಲೇ ಸೊಸೈಟಿ ಕಾರ್ಯದರ್ಶಿಯ ಮಲಗುವ ಕೋಣೆ. ದುರ್ಗಾಪೂಜೆಗೆ ವಾರವಿರುವಾಗ ಕಾರಿನ ಸೈಲೆನ್ಸರ್ ಕೊಳವೆ ತುಕ್ಕು ಹಿಡಿದು ಬಿರುಕು ಬಿಟ್ಟಿತು. ಅದರ ಅಬ್ಬರಕ್ಕೆ ಕಾರ್ಯದರ್ಶಿಗಳು ಮೂರು ಮಧ್ಯಾಹ್ನ ಹಾಸಿಗೆಯಲ್ಲಿ ಎದ್ದು ಕುಳಿತರು. ನಾಲ್ಕನೆಯ ದಿನ ಕೆಳಗಿಳಿದು ಬಂದು, ಅಷ್ಟಮಿಯ ಮಧ್ಯಾಹ್ನ ತಾವೇ ನಿಂತು ಪರೀಕ್ಷಿಸುವುದಾಗಿಯೂ, ಸದ್ದು ಕೇಳಿದರೆ ಜಾಗ ಬೇರೆಯವರಿಗೆ ಹೋಗುವುದಾಗಿಯೂ ತಿಳಿಸಿದರು. ಈ ಊರಿನಲ್ಲಿ ಕಾರು ನಿಲ್ಲಿಸುವ ಜಾಗ ಒಮ್ಮೆ ಹೋದರೆ ಹೋಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಪೂಜೆಗೆಂದು ಊರಿಗೆ ಹೋಗಿದ್ದ. ಹುಣ್ಣಿಮೆಯ ಲಕ್ಷ್ಮೀಪೂಜೆ ಮುಗಿಸಿ ಬರುತ್ತೇನೆ, ಅಲ್ಲಿಯವರೆಗೆ ಕಾರ್ಯದರ್ಶಿಗಳಿಗೆ ಬೇರೆ ಕೋಣೆಯಲ್ಲಿ ಮಲಗಲು ಹೇಳಿ ಎಂದ.

2. ಅಂಗಡಿಯ ತಜ್ಞರು

ನಾನೇ ವೆಲ್ಡಿಂಗ್ ಮಾಡುವುದೆಂದು ತೀರ್ಮಾನಿಸಿ ಉಪಕರಣದ ಅಂಗಡಿಗೆ ಹೋದೆ. ಹೊಸಬ, ಮನೆಯಲ್ಲೇ ಕೆಲಸ, ತೆಳು ಕೊಳವೆ ಎಂದೆ. ಅಂಗಡಿಯವರು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಶುರುಮಾಡಿದರು. ರಾಡ್ ಹಾಕುವ ಮೆಷಿನ್ ಬೇಡ, ತೆಳು ತಗಡು ತೂತಾಗುತ್ತದೆ. ವೈರ್ ಹಾಕುವುದು ತಗೊಳ್ಳಿ, ಅದರಲ್ಲೂ ಗ್ಯಾಸ್ ಸಿಲಿಂಡರ್ ಬೇಡದ್ದು. ಮುಕ್ಕಾಲು ಗಂಟೆ, ಎರಡು ಸಲ ಚಹಾ. ಅವರು ಹೇಳಿದ್ದನ್ನೇ ಕೊಂಡು, ಎಷ್ಟು ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದೀರಿ ಎಂದು ಗೌರವದಿಂದ ಕೇಳಿದೆ.

ಅವರು ಟಾರ್ಚಿಗೆ ಸೆಲ್ ಕೊಳ್ಳಲು ಬಂದವರು.

3. ಪುಸ್ತಕ

ಮೆಷಿನ್ ಜೊತೆ ಒಂದು ಕೈಪಿಡಿ ಇತ್ತು. ಪೂರ್ತಿ ಓದದೆ ಕಾರು ಮುಟ್ಟಬೇಡಿ ಎಂದು ಅಂಗಡಿಯವರು ಎರಡು ಸಲ ಹೇಳಿದ್ದರು. ನಾನು ಬ್ಯಾಂಕಿನವನು, ಓದದೆ ಸಹಿಯನ್ನೂ ಹಾಕುವವನಲ್ಲ. ಐದು ಪುಟ ಓದಿ ಮೇಜಿನ ಮೇಲಿಟ್ಟು ಮಲಗಿದೆ. ಬೆಳಿಗ್ಗೆ ಸಪ್ತಮಿ. ನಮ್ಮೂರ ಪದ್ಧತಿಯಂತೆ ಹೆಂಡತಿ ಮನೆಯ ಪುಸ್ತಕಗಳನ್ನೆಲ್ಲ ಶಾರದಾಪೂಜೆಗೆ ಇಟ್ಟಿದ್ದಳು. ಮಗಳ ಗಣಿತದ ಅಡಿಯಲ್ಲಿ ನನ್ನ ಕೈಪಿಡಿ, ಮೇಲೆ ಕುಂಕುಮ.

"ಆಯುಧಪೂಜೆ ನವಮಿಗೆ. ಮೆಷಿನ್ ಬೇಕಾದರೆ ತಗೊಳ್ಳಿ," ಎಂದಳು. "ಪುಸ್ತಕ ಮಾತ್ರ ದಶಮಿಯವರೆಗೆ ಮುಟ್ಟುವ ಹಾಗಿಲ್ಲ ಮಾರಾಯ್ರೆ."

"ಅಪ್ಪ, ಸೇಮ್ ಬುಕ್ ಫೋನಲ್ಲಿ ಇದೆ," ಎಂದಳು ಮಗಳು.

ಅದೂ ಪುಸ್ತಕವೇ ಎಂದು ತೀರ್ಪಾಯಿತು. ಮಗಳು ಅದೇ ಉಸಿರಿನಲ್ಲಿ ತನ್ನ ಆನ್‌ಲೈನ್ ಹೋಮ್‌ವರ್ಕೂ ಪುಸ್ತಕವೇ ಎಂದು ಬರೆಸಿಕೊಂಡಳು.

4. ಥೀಮ್

ಅಷ್ಟಮಿಯ ಬೆಳಿಗ್ಗೆ ಕಾರಿನ ಹಿಂಭಾಗ ಎತ್ತಿ ನಿಲ್ಲಿಸಿ, ಮುಖವಾಡ ತೊಟ್ಟು ಕೆಳಗೆ ನುಸುಳಿದೆ. ಕಿಡಿ ಹಾರಿತು. ಪಕ್ಕದ ಗಲ್ಲಿಯಲ್ಲೇ ಪೂಜಾ ಪೆಂಡಾಲು. ಈ ಊರಿನ ಪೆಂಡಾಲುಗಳಿಗೆ ವರ್ಷಕ್ಕೊಂದು ಥೀಮ್ ಇರುತ್ತದೆ, ಒಮ್ಮೆ ಗಣಿ, ಒಮ್ಮೆ ರೈಲ್ವೆ ನಿಲ್ದಾಣ. ಅರ್ಧ ಗಂಟೆಯ ನಂತರ ತಲೆ ಹೊರಹಾಕಿದರೆ ನಮ್ಮ ಗೇಟಿನೊಳಗೆ ಹೊಸ ಸೀರೆ, ಹೊಸ ಜುಬ್ಬಾಗಳ ಸಾಲು. ಒಬ್ಬರು ನನ್ನ ಕಾಲುಗಳ ಫೋಟೋ ತೆಗೆಯುತ್ತಿದ್ದರು.

ಕಳೆದ ವರ್ಷದ ಥೀಮ್ ಇದಕ್ಕಿಂತ ಚೆನ್ನಾಗಿತ್ತು ಎಂದು ಅವರವರೇ ಮಾತಾಡಿಕೊಂಡು ಹೊರಟರು.

5. ಪರೀಕ್ಷೆ

ಬೆಸುಗೆ ನೋಡಲು ಚೆಂದವಿರಲಿಲ್ಲ, ಆದರೆ ಬಿರುಕು ಮುಚ್ಚಿತ್ತು. ಅಂಥ ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ. ಭೋಗವೆಂಬ ಪ್ರಸಾದದ ಖಿಚುಡಿ ಉಂಡು, ನಿದ್ದೆಗೆ ಮುಂಚೆ, ಕಾರ್ಯದರ್ಶಿಗಳು ಬಂದು ಕಾರಿನ ಹಿಂದೆ ನಿಂತರು. ಸ್ಟಾರ್ಟ್ ಮಾಡಿ ಎಂದರು. ಕೀಲಿ ತಿರುಗಿಸಿದೆ. ಇನ್ನೊಮ್ಮೆ ತಿರುಗಿಸಿದೆ. ದೂರದ ಯಾವುದೋ ಪೆಂಡಾಲಿನ ಢಾಕ್ ಡೋಲಿನ ಸದ್ದು ಬಿಟ್ಟರೆ ಏನೂ ಇಲ್ಲ.

"ಮಾಡಿದಿರಾ?"

"ಮಾಡಿದೆ," ಎಂದೆ. ಅದು ಸುಳ್ಳಲ್ಲ, ನನ್ನ ಪಾಲಿನದನ್ನು ನಾನು ಮಾಡಿದ್ದೆ.

ಅವರು ಬಗ್ಗಿ ಕಿವಿಗೊಟ್ಟು ಕೇಳಿದರು. ಇಷ್ಟು ಸದ್ದಿಲ್ಲದ ಗಾಡಿ ತಮ್ಮ ಆಯುಷ್ಯದಲ್ಲೇ ಕಂಡಿಲ್ಲ, ಜಾಗ ನಿಮ್ಮದೇ ದಾದಾ ಎಂದು ಕೈಕುಲುಕಿ ಮಲಗಲು ಹೋದರು. ಜಾಗ ಉಳಿಯಿತು. ಕಾರೂ ಅಲ್ಲೇ ಉಳಿಯಿತು.

ದಶಮಿಯ ಬೆಳಿಗ್ಗೆ ಪೂಜೆ ಮುಗಿಸಿ ಹೆಂಡತಿ ಕೈಪಿಡಿಯನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟಳು. ಆರನೆಯ ಪುಟದ ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ: ವಾಹನಕ್ಕೆ ವೆಲ್ಡಿಂಗ್ ಮಾಡುವ ಮುನ್ನ ಬ್ಯಾಟರಿಯ ತಂತಿ ಕಳಚಿ, ಇಲ್ಲವಾದರೆ ಎಂಜಿನ್ನಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು.

ಹೆಂಡತಿ ಭಕ್ತಿಯಿಂದ ತಲೆಯಾಡಿಸಿದಳು.

"ನೋಡಿ, ದಶಮಿಯ ದಿನ ಓದಿದ್ದು ಜನ್ಮದಲ್ಲಿ ಮರೆಯುವುದಿಲ್ಲ."