ಸೆನೆಟರ್ ಸಾಹೇಬರಿಗೆ ಲ್ಯಾಮಿನೇಷನ್

ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿದ ಮೇಲೆಯೇ ಅದಕ್ಕೆ ಮರ್ಯಾದೆ ಬರುವುದು ಎಂದು ನಂಬಿದ ಜನ ನಾವು. ಊರಿನಿಂದ ಗಲ್ಫಿಗೆ ಬಂದ ಯಾರ ಪೆಟ್ಟಿಗೆ ತೆರೆದರೂ ಮೇಲೆ ಉಪ್ಪಿನಕಾಯಿ, ಕೆಳಗೆ ಲ್ಯಾಮಿನೇಷನ್ ಮಾಡಿಸಿದ ಅಂಕಪಟ್ಟಿ. ನನ್ನ ಹತ್ತನೆಯ ತರಗತಿಯ ಅಂಕಪಟ್ಟಿಗೂ ಅಪ್ಪ ಬಹಳ ಪ್ರೀತಿಯಿಂದ ಪ್ಲಾಸ್ಟಿಕ್ ಹಾಕಿಸಿದ್ದರು. ದೋಹಾಕ್ಕೆ ಬರುವಾಗ ಅದರ ಮೇಲೆ ಸರಕಾರಿ ಮುದ್ರೆ ಬೀಳಬೇಕಿತ್ತು, ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ನಿಲ್ಲಲಿಲ್ಲ. ಸುಲಿದಾಗ ಗಣಿತದ ಅಂಕಗಳೂ ಜೊತೆಗೇ ಎದ್ದು ಬಂದವು. ನನಗೇನೂ ನಷ್ಟವಾಗಲಿಲ್ಲ, ಅವು ಹೇಗೂ ನಾಲ್ಕು ಜನರಿಗೆ ತೋರಿಸುವಂಥವಾಗಿರಲಿಲ್ಲ.

ಈ ಪ್ಲಾಸ್ಟಿಕ್ ಧರ್ಮಕ್ಕೆ ಸೇರದವರು ನಮ್ಮ ಮನೆಯಲ್ಲಿ ಒಬ್ಬರೇ ಇದ್ದರು, ನನ್ನ ಯಜಮಾನರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ದೋಹಾದ ವೆಸ್ಟ್ ಬೇಯ ಒಂದು ಆಫೀಸಿನಲ್ಲಿ ಬಂದ ಕಾಗದ, ಹೋದ ಕಾಗದಗಳಿಗೆ ಮುದ್ರೆ ಒತ್ತಿ ಫೈಲ್ ಮಾಡುವುದು ಅವರ ಕೆಲಸವಾಗಿತ್ತು. ಮನೆಗೆ ಬಂದರೆ ಮತ್ತೆ ಕಾಗದವೇ. ನೂರು ವರ್ಷ ಹಿಂದಿನ ಅಮೆರಿಕದ ಸೆನೆಟರ್, ಗವರ್ನರ್‌ಗಳು ಸಹಿ ಹಾಕಿದ ಪತ್ರಗಳನ್ನು ಎಲ್ಲೆಲ್ಲಿಂದಲೋ ತರಿಸಿ ಕೂಡಿಡುವ ಹುಚ್ಚು. ಕೆಲವರಿಗೆ ಸಿಗರೇಟು, ಕೆಲವರಿಗೆ ಕ್ರಿಕೆಟ್ಟು, ಇವರಿಗೆ ಸೆನೆಟರು.

"ಇಡೀ ದಿನ ಆಫೀಸಲ್ಲಿ ಕಾಗದ ನೋಡಿ ಸಾಕಾಗುವುದಿಲ್ವಾ ನಿಮಗೆ?" ಎಂದು ಕೇಳಿದರೆ, "ಅದು ಕಂಪೆನಿಗೆ ಬಂದದ್ದು ಮಾರಾಯ್ತಿ" ಎನ್ನುತ್ತಿದ್ದರು.

"ಇದೇನು ನಿಮಗೆ ಬಂದದ್ದಾ?"

"ಬಂತಲ್ಲ ಈಗ. ಸ್ವಲ್ಪ ಲೇಟು, ಅಷ್ಟೇ."

ಅಧ್ಯಕ್ಷರ ಪತ್ರಗಳು ನಮ್ಮ ಕೈಗೆಟುಕುವಂಥವಲ್ಲ. ಅದಕ್ಕೇ ಅವರದು ಯಾರಿಗೂ ನೆನಪಿಲ್ಲದವರ ಸಂಗ್ರಹ. ಚುನಾವಣೆಯಲ್ಲಿ ಸೋತವರೆಂದರೆ ವಿಶೇಷ ಪ್ರೀತಿ. ಭೂತಗನ್ನಡಿ ಹಿಡಿದು, ಶಾಯಿ ಕಾಗದದೊಳಗೆ ಇಳಿದಿದೆಯೋ ಅಥವಾ ಸೆಕ್ರೆಟರಿ ಮುದ್ರೆ ಒತ್ತಿ ಯಾಮಾರಿಸಿದ್ದಾನೋ ಎಂದು ಪರೀಕ್ಷೆ ಮಾಡುತ್ತಿದ್ದರು. ಬಿಳಿ ಕೈಗವಸು ಅವರಿಗೆ ಮಾತ್ರ. ನನ್ನ ಕೈಯಲ್ಲಿ ಸದಾ ತೆಂಗಿನೆಣ್ಣೆ ಇರುತ್ತದೆಂಬ ಅಪವಾದದ ಮೇಲೆ ನನಗೆ ಆ ಕಪಾಟಿನ ಹತ್ತಿರವೂ ಪ್ರವೇಶವಿರಲಿಲ್ಲ.

ಅದರಲ್ಲಿ ಒಂದು ಪತ್ರ ಮಾತ್ರ ನನಗೂ ಬಾಯಿಪಾಠ. ಯಾರೋ ಊಟಕ್ಕೆ ಕರೆದಿದ್ದಾರೆ, ಸೆನೆಟರರು ಬರಲಾಗುವುದಿಲ್ಲವೆಂದು ಟೈಪ್ ಮಾಡಿಸಿ ವಿಷಾದಿಸಿದ್ದಾರೆ. ಸಹಿಯ ಕೆಳಗೆ ಮಾತ್ರ ಸ್ವಂತ ಕೈಬರಹದಲ್ಲಿ, ಸೇಬಿನ ಪೈ ಉಳಿದರೆ ದಯವಿಟ್ಟು ಕಳುಹಿಸಿಕೊಡಿ ಎಂದಿದೆ. ಶುಕ್ರವಾರ ಊಟವಾದ ಮೇಲೆ ಇವರು ಅದನ್ನು ಓದಿ ಹೇಳಿ, "ನೋಡು, ವಿಷಾದ ಸೆಕ್ರೆಟರಿಯದ್ದು. ಹಸಿವು ಮಾತ್ರ ಅವನದ್ದೇ" ಎಂದು ಪ್ರತಿ ಸಲವೂ ಹೊಸದಾಗಿ ನಗುತ್ತಿದ್ದರು. ನಾನು ಪಾತ್ರೆ ತೊಳೆಯುತ್ತಾ, "ಹೂಂ, ಕೇಳಿದೆ" ಎನ್ನುತ್ತಿದ್ದೆ.

ಆಸ್ಪತ್ರೆಯಲ್ಲಿ ಇವರು ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದರು. ಇಲ್ಲಿಯೇ ಇರುವ, ಇಂಥದ್ದೇ ಹುಚ್ಚಿನ ಅಮೆರಿಕದ ಒಬ್ಬ ಹಿರಿಯರಿಗೆ ಪತ್ರಗಳನ್ನೆಲ್ಲ ಕೊಡಬೇಕು. "ಎಲ್ಲವನ್ನೂ ಕೊಡು. ಬೇಜಾರು ಅಂತ ಒಂದನ್ನು ಹಿಡಿದಿಟ್ಟುಕೊಳ್ಳಬೇಡ. ಸೆಟ್ ಒಡೆಯಬಾರದು." ನಾನು ಹೂಂ ಎಂದಿದ್ದೆ. ಆಸ್ಪತ್ರೆಯಲ್ಲಿ ಯಾರು ಬೇಡ ಎನ್ನುತ್ತಾರೆ?

ಈಗ ಮದೀನತ್ ಖಲೀಫಾದ ಮನೆ ಬಿಟ್ಟು ಅಲ್ ವುಕೈರ್‌ನ ಚಿಕ್ಕ ಫ್ಲಾಟಿಗೆ ಹೋಗಬೇಕಾಗಿ ಬಂತು. ಹಿರಿಯರು ಶುಕ್ರವಾರ ಬರುತ್ತೇನೆಂದರು. ಆ ಪೈ ಪತ್ರವನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಕೊಟ್ಟ ಮಾತು ಮುರಿಯಲು ಧೈರ್ಯವಿಲ್ಲ. ಕಡೆಗೆ ಒಂದು ಜೆರಾಕ್ಸಾದರೂ ಇರಲಿ ಎಂದು, ಜೀವನದಲ್ಲಿ ಮೊದಲ ಸಲ ಕೈಗವಸು ತೊಟ್ಟು, ಪತ್ರವನ್ನು ಹಮೀದಾಕನ ಅಂಗಡಿಗೆ ಒಯ್ದೆ. ಹಮೀದಾಕ ಉಳ್ಳಾಲದ ಕಡೆಯವರು, ಇವರ ಹಳೆಯ ಗೆಳೆಯರು. ವೀಸಾ ಅರ್ಜಿ ಟೈಪ್ ಮಾಡುವ, ಜೆರಾಕ್ಸ್ ತೆಗೆಯುವ ಅಂಗಡಿ ಅವರದು.

"ಇದೆಂಥ ಅಕ್ಕ, ಕಾಗದ ಹಪ್ಪಳದ ಹಾಗೆ ಉಂಟಲ್ಲ! ನೀವು ಕೂತ್ಕೊಳ್ಳಿ, ಸುಲೈಮಾನಿ ಕುಡೀರಿ" ಎಂದು ಒಳಗೆ ಹೋದರು. ಚಹಾ ಮುಗಿಯುವಷ್ಟರಲ್ಲಿ ಹೊರಗೆ ಬಂದರು. ಕೈಯಲ್ಲಿ ಸೆನೆಟರ್ ಸಾಹೇಬರು ಫಳಫಳ ಹೊಳೆಯುತ್ತಿದ್ದರು, ಇನ್ನೂ ಬಿಸಿಬಿಸಿ.

"ಜೆರಾಕ್ಸಿಗೆ ಎಂಥ ಮರ್ಯಾದೆ ಅಕ್ಕ? ಒರಿಜಿನಲ್ಲೇ ಲ್ಯಾಮಿನೇಷನ್ ಮಾಡಿಬಿಟ್ಟೆ. ಯಜಮಾನರ ನೆನಪಿಗೆ ನನ್ನದೊಂದು. ಇನ್ನು ನೀರು ಬೀಳಲಿ, ಗೆದ್ದಲು ಬರಲಿ, ಮಾಫಿ ಮುಶ್ಕಿಲ್, ಎಂಥ ತೊಂದರೆಯೂ ಇಲ್ಲ!"

ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದ ಮೇಲೆ ಬೈಯುವುದು ಹೇಗೆ? "ಚೆನ್ನಾಗಿದೆ ಹಮೀದಾಕ" ಎಂದು ಮನೆಗೆ ಬಂದೆ. ಸುಲಿಯೋಣವೇ ಎಂದು ಒಂದು ಗಳಿಗೆ ಯೋಚಿಸಿದೆ. ಗಣಿತದ ಅಂಕಗಳು ನೆನಪಾದವು, ಸುಮ್ಮನಾದೆ.

ಶುಕ್ರವಾರ ಹಿರಿಯರು ಬಂದರು. ನನ್ನ ದುಃಖದಲ್ಲಿ ತಾನೂ ಭಾಗಿ ಎಂದು ಸೌಮ್ಯವಾಗಿ ಹೇಳಿ ಕುಳಿತರು. ಒಂದೊಂದೇ ಪತ್ರ ನೋಡುತ್ತಾ ತಲೆದೂಗಿದರು. ಕೊನೆಯಲ್ಲಿ ನಮ್ಮ ಸೆನೆಟರರು ಹೊರಗೆ ಬಂದಾಗ ಅವರ ಮುಖ ಬಿಳಿಚಿತು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಮೇಲೆ ಇನ್ನೊಮ್ಮೆ ಸಂತಾಪ ಹೇಳಿದರು. ಸತ್ಯ ಹೇಳುತ್ತೇನೆ, ಮೊದಲನೆಯದಕ್ಕಿಂತ ಈ ಎರಡನೆಯದು ಹೃದಯಾಳದಿಂದ ಬಂದಿತ್ತು.

"ಪ್ಲಾಸ್ಟಿಕ್ ಹೊದಿಸಿದ ಪತ್ರವನ್ನು ನಾನು ತೆಗೆದುಕೊಳ್ಳಲಾರೆ ಮೇಡಂ. ಕ್ಷಮಿಸಿ. ಇದು ನಿಮ್ಮಲ್ಲೇ ಇರಲಿ" ಎಂದರು.

ಮುಖವನ್ನು ಆದಷ್ಟು ಸಪ್ಪಗಿಟ್ಟುಕೊಂಡು, "ಹಾಗಾದರೆ ಏನು ಮಾಡುವುದು" ಎಂದೆ. ಅವರ ಕಾರು ತಿರುವು ದಾಟುವವರೆಗೂ ಆ ಸಪ್ಪೆಯನ್ನು ಕಾಪಾಡಿಕೊಂಡೆ. ನಾನು ಹಿಡಿದಿಟ್ಟುಕೊಳ್ಳಲಿಲ್ಲವಲ್ಲ, ಅವರೇ ಬೇಡವೆಂದರು!

ನಮ್ಮ ಕಡೆ ತೀರಿಕೊಂಡವರಿಗೆ ಇಷ್ಟದ ಅಡುಗೆ ಮಾಡಿ ಎಲೆಯಲ್ಲಿ ಬಡಿಸಿಡುವ ಕ್ರಮ ಉಂಟು. ಅಲ್ ವುಕೈರ್‌ಗೆ ಬಂದ ಮೇಲೆ ಒಂದು ದಿನ ಕೋಳಿಸಾರು, ನೀರುದೋಸೆ ಮಾಡಿ ಇವರಿಗೆ ಎಲೆ ಹಾಕಿದೆ. ಪತ್ರವನ್ನು ಪಕ್ಕದಲ್ಲೇ ಗೋಡೆಗೆ ಒರಗಿಸಿದೆ. ಬಡಿಸುವಾಗ ಸಾರಿನ ಒಂದು ಹನಿ ಸಿಡಿದು ಸರಿಯಾಗಿ ಸಹಿಯ ಮೇಲೆ ಬಿತ್ತು. ಅಭ್ಯಾಸಬಲದಿಂದ, ಕೈಯಲ್ಲಿ ಸೌಟು ಹಿಡಿದು, ಇವರ ಬೈಗುಳಕ್ಕೆ ಕಾದೆ.

ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಕಲೆ ಹೋಯಿತು. ಎಣ್ಣೆಗೈಯಲ್ಲೇ ಎತ್ತಿಕೊಂಡು ಪತ್ರವನ್ನು ಗಟ್ಟಿಯಾಗಿ ಓದಿದೆ, ಹಸಿವಿನ ಸಾಲಿನವರೆಗೂ. ನಗಬೇಕಾದ ಜಾಗದಲ್ಲಿ ಈ ಸಲ ನಾನೇ ನಕ್ಕೆ. ಆಮೇಲೆ, ಬರಲಾಗದವರು ಇಬ್ಬರಾದರಲ್ಲ ಎಂದು ಇನ್ನೆರಡು ನೀರುದೋಸೆ ಹಾಕಿಕೊಂಡು, ಅವರಿಬ್ಬರ ಪಾಲನ್ನೂ ನಾನೇ ಉಂಡೆ.